ಬೆರಳಿಗೆ ಸಿಗುವ ಮೊಣಕಾಲು

ಮೊಣಕಾಲಿನ ಕೀಲಿನಲ್ಲಿ ಕೂಡುವ ಮೂಳೆಗಳು ಮೂರು: ತೊಡೆಯ ಮೂಳೆ, ಕೆಳಗಾಲಿನ ದಪ್ಪ ಮೂಳೆ, ಚಿಪ್ಪು. ಕೀಲು ಪರೀಕ್ಷೆ ಕಲಿಯುವವರಿಗೆ ವಯಸ್ಕರ ದೇಹದ 206 ಮೂಳೆಗಳ ಹೆಸರು ಬಾಯಿಪಾಠವಾದರೆ ಸಾಲದು. ಚರ್ಮದ ಮೇಲಿಂದಲೇ ಬೆರಳು ಈ ಮೂರನ್ನು ಗುರುತಿಸಬೇಕು. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಭಾಗದಲ್ಲಿ ಈ ಕಲಿಕೆಗೆ ಬೆಲೆ ಹೆಚ್ಚು. ಸುಣ್ಣಕಲ್ಲಿನ ಗಣಿಯಲ್ಲಿ ಹಾಸುಗಲ್ಲು ಎತ್ತುವವರ, ಕುಕ್ಕರಗಾಲಿನಲ್ಲಿ ಕೂತು ತೊಗರಿ ಹೊಲದ ಕಳೆ ಕೀಳುವವರ ಭಾರವೆಲ್ಲ ಬೀಳುವುದು ಮೊಣಕಾಲಿನ ಮೇಲೆಯೇ.

ಮೂಳೆಯನ್ನು ಮೂಳೆಗೆ ಬಿಗಿಯುವ ಪಟ್ಟಿಯೇ ಅಸ್ಥಿರಜ್ಜು. ಮೊಣಕಾಲಿನ ಎರಡು ಪಕ್ಕಗಳಲ್ಲಿ ಒಂದೊಂದು, ಒಳಗೆ ಒಂದನ್ನೊಂದು ಅಡ್ಡಹಾಯುವ ಎರಡು. ಮುಂದಿನ ಅಡ್ಡರಜ್ಜು ಕೆಳಗಾಲು ಮುಂದೆ ಜಾರದಂತೆ ತಡೆಯುತ್ತದೆ. ಅದನ್ನು ಪರೀಕ್ಷಿಸಲು ಮೊಣಕಾಲನ್ನು 20ರಿಂದ 30 ಡಿಗ್ರಿ ಮಡಿಸಿ, ಒಂದು ಕೈಯಲ್ಲಿ ತೊಡೆಯನ್ನು ಭದ್ರವಾಗಿ ಹಿಡಿದು, ಇನ್ನೊಂದರಿಂದ ಕೆಳಗಾಲನ್ನು ಮುಂದಕ್ಕೆ ಎಳೆಯಬೇಕು. ರಜ್ಜು ಗಟ್ಟಿಯಿದ್ದರೆ ಎಳೆತ ಥಟ್ಟನೆ ನಿಲ್ಲುತ್ತದೆ. ಹರಿದಿದ್ದರೆ ಕಾಲು ಹೆಚ್ಚು ಸರಿಯುತ್ತದೆ, ಕೊನೆ ಮೆತ್ತಗಿರುತ್ತದೆ. ನೋವಿಲ್ಲದ ಕಾಲನ್ನು ಮೊದಲು ಮುಟ್ಟಬೇಕು, ಇದು ಬಿಡಲೇಬಾರದ ಕ್ರಮ. ಆ ಮನುಷ್ಯನ ಸಹಜ ಸಡಿಲ ಎಷ್ಟೆಂದು ತಿಳಿಯುವುದು ಅಲ್ಲಿಯೇ.

ಕೀಲಿನ ಸಂದಿನ ಗೆರೆಯ ಮೇಲೆ ಒತ್ತಿದಾಗ ನೋವಾದರೆ ಒಳಗಿನ ಮೃದ್ವಸ್ಥಿ ಬಿಲ್ಲೆಯ ಮೇಲೆ ಅನುಮಾನ. ಪೆಟ್ಟು ಬಿದ್ದವರು ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಥವಾ ಮೊಣಕಾಲು 90 ಡಿಗ್ರಿ ಮಡಿಸಲಾಗದಿದ್ದರೆ ಎಕ್ಸ್‌-ರೇ ತೆಗೆಸಬೇಕು.