ಗಾಜಿನ ತೊಟ್ಟಿಯ ಸಂಸಾರ

ನಾಯಿಯನ್ನು ಸಾಕುವವನು ಅದರ ಒಡನಾಟವನ್ನು ಬಯಸುತ್ತಾನೆ. ಹಸುವನ್ನು ಸಾಕುವವನು ಹಾಲನ್ನು ಬಯಸುತ್ತಾನೆ. ಮೀನನ್ನು ಸಾಕುವವನಿಗೆ ಇವೆರಡೂ ಇಲ್ಲ. ಕರೆದರೆ ಅದು ಬಾರದು, ಮುಟ್ಟಿದರೆ ನೊಂದೀತು. ಅವನಿಗೆ ದಕ್ಕುವುದು ನೋಟವೊಂದೇ. ಆದರೆ ಮೀನು ಅಲ್ಲಿಯೇ ಸಂಸಾರ ಹೂಡಿದಾಗ, ಅಲಂಕಾರದ ವಸ್ತುವಾಗಿದ್ದ ಗಾಜಿನ ತೊಟ್ಟಿ ಪಾಠಶಾಲೆಯಾಗುತ್ತದೆ. ನಿವೃತ್ತಿಯ ಬಳಿಕ ಆ ಶಾಲೆಗೆ ಸೇರಿದ ವಿದ್ಯಾರ್ಥಿ ನಾನು. ಅಲ್ಲಿ ಕಂಡ ಕೆಲವು ಸಂಗತಿಗಳನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೀನಿನ ಬಗೆಗಿನ ಕುತೂಹಲ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನಿನ ಜಾತಿಗಳನ್ನೂ ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಅದು ವಿವರಿಸುತ್ತದೆ. ಆದರೆ ಅರಸನ ವಿನೋದ ಮುಗಿಯುವುದು ಗಾಳದಲ್ಲಿ. ನಾನು ಹೇಳಹೊರಟ ವಿನೋದ ಮೊದಲಾಗುವುದು ಮೊಟ್ಟೆಯಲ್ಲಿ.

ಮನೆಯಲ್ಲಿ ಸಾಕುವ ಸಿಹಿನೀರಿನ ಮೀನುಗಳಲ್ಲಿ ಮರಿ ಹಾಕುವವು, ಮೊಟ್ಟೆ ಇಡುವವು ಎಂದು ಎರಡು ಪಂಗಡ. ಗಪ್ಪಿ, ಮೋಲಿ, ಪ್ಲೇಟಿಗಳು ಮೊದಲನೆಯ ಪಂಗಡದವು. ಇವುಗಳ ವಿಷಯದಲ್ಲಿ ಸಾಕುವವನ ಜಾಣ್ಮೆಗೆ ಹೆಚ್ಚು ಕೆಲಸವಿಲ್ಲ. ಸುಮಾರು ನಾಲ್ಕು ವಾರಕ್ಕೊಮ್ಮೆ ಹೆಣ್ಣು ಗಪ್ಪಿ ಈಜಬಲ್ಲ ಮರಿಗಳನ್ನೇ ಹೆರುತ್ತದೆ. ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಂಡು, ಮತ್ತೆ ಗಂಡಿನ ಸಂಗವಿಲ್ಲದೆಯೂ ಹೆರಬಲ್ಲದು. ಆದರೆ ಹೆತ್ತ ಮರಿಯನ್ನೇ ನುಂಗಲು ಅದು ಹಿಂಜರಿಯುವುದಿಲ್ಲ. ಒತ್ತಾಗಿ ಬೆಳೆದ ನೀರುಗಿಡಗಳೇ ಆ ಕೂಸುಗಳಿಗೆ ರಕ್ಷೆ.

ಇದಕ್ಕೆ ತೀರ ಬೇರೆಯಾದ ನಡತೆ ಥಾಯ್ಲೆಂಡ್ ಮೂಲದ ಕಾಳಗದ ಮೀನಿನದು. ಅಂಗಡಿಯಲ್ಲಿ ಇದನ್ನು ಫೈಟರ್ ಎನ್ನುತ್ತಾರೆ. ಎರಡು ಗಂಡುಗಳನ್ನು ಒಂದೆಡೆ ಬಿಟ್ಟರೆ ರೆಕ್ಕೆ ಹರಿಯುವಂತೆ ಕಾದಾಡುತ್ತವೆ. ಇಂಥ ಕಲಹಪ್ರಿಯನೇ ಆದರ್ಶ ತಂದೆಯೆಂದರೆ ನಂಬುವಿರಾ?

ಬೇರೊಂದು ತೊಟ್ಟಿಯಲ್ಲಿ ಐದಾರು ಅಂಗುಲ ನೀರು ಸಾಕು. ನಲ್ಲಿಯ ನೀರಾದರೆ ಕ್ಲೋರಿನ್ ಹಾರಿಹೋಗುವಂತೆ ಒಂದೆರಡು ದಿನ ತೆರೆದಿಟ್ಟು ಬಳಸಬೇಕು. ನೀರಿನ ಬಿಸುಪು 27 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರಲಿ. ಹೆಣ್ಣನ್ನು ಮೊದಲು ಗಾಜಿನ ಮರೆಯಲ್ಲಿಟ್ಟರೆ, ಅದನ್ನು ಕಂಡ ಗಂಡು ಬಾಯಿಂದ ಗುಳ್ಳೆಗಳನ್ನು ಬಿಟ್ಟು ನೀರಿನ ಮೇಲೆ ನೊರೆಯ ಗೂಡು ಕಟ್ಟತೊಡಗುತ್ತದೆ. ಗೂಡು ಸಿದ್ಧವಾದಾಗ ಮರೆಯನ್ನು ತೆಗೆಯಬೇಕು. ಗಂಡು ಹೆಣ್ಣನ್ನು ಬಳಸಿ ಅಪ್ಪಿದಾಗ ಮೊಟ್ಟೆಗಳು ಉದುರುತ್ತವೆ. ಗಂಡು ಅವನ್ನು ಬಾಯಿಂದ ಆಯ್ದು ಗೂಡಿಗೆ ಸೇರಿಸುತ್ತದೆ. ಬಳಿಕ ಹೆಣ್ಣನ್ನು ಕೂಡಲೆ ಹೊರತೆಗೆಯಬೇಕು. ಇಲ್ಲವಾದರೆ ಗಂಡು ಅದನ್ನು ಅಟ್ಟಿ ಗಾಸಿಗೊಳಿಸುತ್ತದೆ. ಒಂದೆರಡು ದಿನಗಳಲ್ಲಿ ಮೊಟ್ಟೆಯೊಡೆದ ಮರಿಗಳು ಗೂಡಿನಿಂದ ಜೋತುಬೀಳುತ್ತವೆ. ಜಾರಿದ ಮರಿಯನ್ನು ತಂದೆ ಮತ್ತೆ ಮತ್ತೆ ಎತ್ತಿ ಗೂಡಿಗಿಡುತ್ತದೆ. ಇನ್ನೆರಡು ಮೂರು ದಿನಗಳಲ್ಲಿ ಅವು ಅಡ್ಡಡ್ಡಲಾಗಿ ಈಜತೊಡಗಿದಾಗ ತಂದೆಯ ಸರದಿಯೂ ಮುಗಿಯುತ್ತದೆ, ಅದನ್ನೂ ಬೇರ್ಪಡಿಸಬೇಕು.

ನಿಜವಾದ ದುಡಿಮೆ ಮೊದಲಾಗುವುದು ಆಮೇಲೆ. ಮರಿಗಳ ಬಾಯಿ ಎಷ್ಟು ಸಣ್ಣದೆಂದರೆ ಅಂಗಡಿಯ ಆಹಾರದ ಪುಡಿಯೂ ಅವಕ್ಕೆ ಬಂಡೆಗಲ್ಲು. ಒಣಹುಲ್ಲನ್ನು ಕೆಲವು ದಿನ ನೀರಿನಲ್ಲಿ ನೆನೆಹಾಕಿದರೆ ಹುಟ್ಟುವ ಸೂಕ್ಷ್ಮಜೀವಿಗಳೇ ಅವುಗಳ ಮೊದಲ ತುತ್ತು. ಬಳಿಕ ಆಗತಾನೆ ಒಡೆದ ಆರ್ಟೀಮಿಯಾ ಮರಿಗಳು. ಕಡಮೆಯಾದರೆ ಹಸಿವು, ಹೆಚ್ಚಾದರೆ ನೀರು ಕೊಳೆಯುತ್ತದೆ.

ಇಷ್ಟೆಲ್ಲ ಗೆದ್ದಾಗ ಒಂದೇ ಗೂಡಿನಿಂದ ನೂರಾರು ಮರಿಗಳು ಉಳಿಯಬಹುದು. ಗಂಡುಗಳು ಬೆಳೆದಂತೆ ಒಂದೊಂದಕ್ಕೂ ಬೇರೆ ಬೇರೆ ಪಾತ್ರೆ ಬೇಕು. ಆಗ ಏಳುವ ಪ್ರಶ್ನೆ: ಇವನ್ನೆಲ್ಲ ಏನು ಮಾಡುವುದು?

ನಮ್ಮ ಬೀದಿಯ ಹುಡುಗನೊಬ್ಬ ತನ್ನ ತೊಟ್ಟಿಯಲ್ಲಿ ಮಿಕ್ಕ ಗಪ್ಪಿಗಳನ್ನು ಬಕೀಟಿನಲ್ಲಿ ತಂದು, “ಮೇಷ್ಟ್ರೆ, ಇವನ್ನು ಕೆರೆಗೆ ಬಿಟ್ಟರೆ ಪುಣ್ಯವಲ್ಲವೆ?” ಎಂದು ಕೇಳಿದ. ಬಂಧನದಿಂದ ಬಿಡುಗಡೆ ಪುಣ್ಯವೆಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಕೆರೆ ಬರಿಯ ನೀರಲ್ಲ. ಅಲ್ಲಿ ಹಿಂದಿನಿಂದ ಬಾಳಿದ ಒಕ್ಕಲಿದೆ. ಸೊಳ್ಳೆಯ ನಾಶಕ್ಕೆಂದು 1928ರಲ್ಲಿ ಭಾರತಕ್ಕೆ ತಂದ ಗಂಬೂಸಿಯಾ ಮೀನು ಇತರ ಮೀನುಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ತೊಟ್ಟಿಯ ಪಾಚಿ ತಿನ್ನಲೆಂದು ಜನ ಕೊಳ್ಳುವ, ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಬೇರೂರಿದೆ. ಗಪ್ಪಿಯಾದರೋ, ಬಸಿರಾದ ಒಂದೇ ಹೆಣ್ಣು ಕೆರೆಗಿಳಿದರೂ ಹೊಸ ಕುಲವೊಂದಕ್ಕೆ ಬುನಾದಿ ಬಿದ್ದಂತೆ. ಇಷ್ಟನ್ನೂ ಕೇಳಿದ ಹುಡುಗ ಬಕೀಟನ್ನು ಕೆಳಗಿಟ್ಟ. ಆ ಗಪ್ಪಿಗಳಿಗೆ ನೆಲೆ ಹುಡುಕಲು ನಮ್ಮಿಬ್ಬರಿಗೂ ಮೂರು ವಾರ ಹಿಡಿಯಿತು. ಕೆಲವು ಅವನ ಗೆಳೆಯರ ಮನೆಗೆ ಹೋದುವು, ಕೆಲವನ್ನು ಅಂಗಡಿಯವರು ಒಪ್ಪಿಕೊಂಡರು.

ಆದ್ದರಿಂದ ಈ ಹವ್ಯಾಸಕ್ಕೆ ಇಳಿಯುವವರಲ್ಲಿ ನನ್ನ ವಿನಂತಿ ಇಷ್ಟೆ. ಗಂಡುಹೆಣ್ಣುಗಳನ್ನು ಕೂಡಿಸುವ ಮೊದಲು ಹುಟ್ಟಲಿರುವ ಮರಿಗಳಿಗೆ ಮನೆಗಳನ್ನು ಎಣಿಸಿಕೊಳ್ಳಿ. ಎಣಿಕೆ ಸಾಲದಾದರೆ ಜೋಡಿಯನ್ನು ಬೇರೆಯಾಗಿಯೇ ಇಡಿ. ಹುಟ್ಟಿಸುವುದು ಪ್ರಕೃತಿಯ ಕೆಲಸ, ಬದುಕಿಸುವುದು ಕೌಶಲ; ಬದುಕಿದ್ದಕ್ಕೆ ನೆಲೆ ಕಾಣಿಸುವುದು ಧರ್ಮ.