ಅಳಿವೆಯ ಪಾಲಿನ ನೀರು



‘ನದಿಯ ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ’ ಎಂಬ ಮಾತು ಕರ್ನಾಟಕದಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ನಿರ್ದೇಶನವೊಂದರ ಶೀರ್ಷಿಕೆಯೇ ಮೀನಿಗಿಂತ ಮನುಷ್ಯರು ಮೇಲು ಎಂದು ಸಾರಿತು. ಅಲ್ಲಿ ಹೆಸರಿಸಲಾದ ಮೀನು ಡೆಲ್ಟಾ ಸ್ಮೆಲ್ಟ್. ಬೆರಳುದ್ದದ, ಬಹುಮಟ್ಟಿಗೆ ಒಂದೇ ವರ್ಷ ಬದುಕುವ ಜೀವಿ. ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯತ್ತ ಸಾಗುವಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವ ಪಟ್ಟಿಯೇ ಅದರ ಮನೆ. ಡೆಲ್ಟಾದ ದಕ್ಷಿಣದಲ್ಲಿರುವ ದೈತ್ಯ ಪಂಪುಗಳು ಹೆಚ್ಚು ನೀರೆತ್ತಿದಾಗ ಕೆಲವು ಕವಲುಗಳು ಹಿಮ್ಮುಖವಾಗಿ ಹರಿಯುತ್ತವೆ. ಹೊರಹರಿವು ತಗ್ಗಿದಂತೆ ಉಪ್ಪು ಒಳನಾಡಿಗೆ ಏರುತ್ತದೆ. ಇದು ಬರೀ ಮೀನಿನ ಪಾಡಲ್ಲ. ಬರಗಾಲ ಮತ್ತು ಕಾದ ನದಿನೀರಿನಿಂದ ಸಾಲ್ಮನ್ ಸಂತತಿ ಕುಸಿದು, 2023ರಿಂದ ಸತತ 3 ವರ್ಷ ಅಲ್ಲಿ ವಾಣಿಜ್ಯ ಸಾಲ್ಮನ್ ಮೀನುಗಾರಿಕೆ ನಿಂತಿತು. ದೋಣಿಗಳನ್ನು ದಡದಲ್ಲಿ ಕಟ್ಟಿಹಾಕಿದವರೂ ಮನುಷ್ಯರೇ ತಾನೆ?

ಹಾಗಾದರೆ ಹೆಚ್ಚು ನೀರು ಬಿಟ್ಟರೆ ಸಾಕೆ? ಸಾಲದು ಎನ್ನುವುದಕ್ಕೆ ಶರಾವತಿಯೇ ಸಾಕ್ಷಿ. ಪಶ್ಚಿಮ ಕರಾವಳಿಯ ಅಳಿವೆಗೆ ವರ್ಷದೊಳಗೆ ಎರಡು ಮುಖ: ಮಳೆಗಾಲದಲ್ಲಿ ಬಹುತೇಕ ಸಿಹಿ, ಬೇಸಿಗೆಯಲ್ಲಿ ಭರತದೊಂದಿಗೆ ಒಳಬರುವ ಉಪ್ಪು. ಅಲ್ಲಿನ ಜೀವರಾಶಿ ಈ ಲಯಕ್ಕೆ ಒಗ್ಗಿಕೊಂಡದ್ದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ, ಮಳೆಗಾಲದ ನೀರನ್ನು ಹಿಡಿದಿಟ್ಟು ವಿದ್ಯುತ್ತಿಗಾಗಿ ವರ್ಷವಿಡೀ ಬಿಡಲಾಗುತ್ತಿದೆ. ಹೊನ್ನಾವರದ ಅಳಿವೆಯಲ್ಲಿ ಬೇಸಿಗೆಯ ಉಪ್ಪು ಮೊದಲಿನಂತೆ ಏರದು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ನೆರೆಯ ಅಘನಾಶಿನಿಯೊಡನೆ ಹೋಲಿಸಿ ನೋಡಿದ್ದಾರೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಇಳಿತದ ಹೊತ್ತಿನಲ್ಲಿ ಕುಮಟಾ ಸೀಮೆಯ ಹೆಂಗಸರು ಅಲ್ಲಿ ಬಳಚು ಆಯುತ್ತಾರೆ. ಶರಾವತಿಯಲ್ಲಿ ಚಿಪ್ಪಿಜೀವಿಗಳು ಅಪರೂಪವಾಗಿವೆ. ಅವುಗಳಿಗೆ ಮುಳುವಾದದ್ದು ನೀರಿನ ಕೊರತೆಯಲ್ಲ, ಅಕಾಲದ ಸಿಹಿನೀರು.

ಇದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಈಗ ವಿವಾದದಲ್ಲಿದೆ. ಕಾಡಿನ ಪರವಾಗಿ ಎದ್ದಿರುವ ದನಿ ನ್ಯಾಯವಾದದ್ದು. ಆದರೆ ಗೇರುಸೊಪ್ಪೆಯ ಕೆಳಗೆ ಯಾವ ತಿಂಗಳು ಎಷ್ಟು ನೀರು ಹರಿಯಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ರಾಜಕೀಯವಾದದ್ದು. ಫೆಬ್ರವರಿಯಿಂದ ಜೂನ್‌ವರೆಗೆ ಉಪ್ಪಿನ ಗಡಿ ಎಲ್ಲಿರಬೇಕೆಂದು ಕ್ಯಾಲಿಫೋರ್ನಿಯಾ 1995ರಲ್ಲೇ ಲಿಖಿತ ನಿಯಮ ಮಾಡಿತು. ಅದು ಸ್ಮೆಲ್ಟನ್ನು ಉಳಿಸಲು ಸಾಲಲಿಲ್ಲ, ನಿಜ. ಆದರೂ ಹಿಡಿದು ಕೇಳಲು ಜನರ ಕೈಯಲ್ಲಿ ಒಂದು ಅಂಕಿಯಿದೆ. ಹೊನ್ನಾವರದ ಮೀನುಗಾರರು ಸರ್ಕಾರದಿಂದ ಬರೆಸಿಕೊಳ್ಳಬೇಕಾದದ್ದೂ ಅಂಥದೇ ಒಂದು ಅಂಕಿಯನ್ನು, ತಿಂಗಳು ತಿಂಗಳಿಗೆ.