ಸೊಂಟದ ಕೀಲಿನ ಮೂಳೆ ಏಕೆ ಸಾಯುತ್ತದೆ?



ಮೂಳೆಯೆಂದರೆ ಕಲ್ಲಿನಂಥ ನಿರ್ಜೀವ ವಸ್ತುವೆಂದು ಹಲವರ ಭಾವನೆ. ಹಾಗಲ್ಲ. ಅದರಲ್ಲಿ ಜೀವಕೋಶಗಳಿವೆ, ಅವಕ್ಕೆ ರಕ್ತ ಬೇಕು. ರಕ್ತ ನಿಂತರೆ ಮೂಳೆಯೂ ಸಾಯುತ್ತದೆ. ಈ ತೊಂದರೆ ಹೆಚ್ಚಾಗಿ ಕಾಣುವುದು ತೊಡೆಮೂಳೆಯ ಮೇಲ್ತುದಿಯ ಚೆಂಡಿನಲ್ಲಿ. ಸೊಂಟದ ಬಟ್ಟಲಿನಲ್ಲಿ ಕುಳಿತು ಮೈಭಾರ ಹೊರುವ ಭಾಗವಿದು.

ಅಲ್ಲಿಯೇ ಏಕೆ? ಕಾಲುವೆಯ ಕೊನೆಯ ಹೊಲವನ್ನು ನೆನೆಯಿರಿ. ನೀರು ಬರುವ ದಾರಿ ಒಂದೇ. ಅದು ಕಟ್ಟಿತೆಂದರೆ ಪೈರು ಒಣಗುತ್ತದೆ. ಈ ಚೆಂಡಿಗೂ ಬಹುಪಾಲು ರಕ್ತ ಬರುವುದು ತೊಡೆಮೂಳೆಯ ಕುತ್ತಿಗೆಗೆ ಅಂಟಿಕೊಂಡು ಸಾಗುವ ಕೆಲವು ತೆಳುನಾಳಗಳಿಂದ.

ಬೈಕಿನಿಂದ ಬಿದ್ದು ಆ ಕುತ್ತಿಗೆ ಮುರಿದರೆ ಅಥವಾ ಕೀಲು ತಪ್ಪಿದರೆ ನಾಳಗಳು ಹರಿಯುತ್ತವೆ. ಇದು ನೇರ ಕಾರಣ. ಸ್ಟಿರಾಯ್ಡ್ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ, ಬಹುಕಾಲ ಸೇವಿಸುವುದು, ಅತಿಯಾದ ಮದ್ಯಪಾನ, ಧೂಮಪಾನ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ - ಇವು ಅಪಾಯ ಹೆಚ್ಚಿಸುವ ಅಂಶಗಳು. ಕುಡಿದವರಿಗೆಲ್ಲ ಈ ರೋಗ ಬರುವುದಿಲ್ಲ, ಕುಡಿಯದವರಿಗೂ ಬರಬಹುದು. ಕಾರಣಕ್ಕೂ ಅಪಾಯದ ಅಂಶಕ್ಕೂ ಇರುವ ವ್ಯತ್ಯಾಸ ಇದೇ.

ಮಕ್ಕಳನ್ನೂ ಇದು ಬಿಟ್ಟಿಲ್ಲ. ಸಾಮಾನ್ಯವಾಗಿ 4ರಿಂದ 10 ವರ್ಷದವರಲ್ಲಿ ಕಾಣುವ ಇದಕ್ಕೆ ಪರ್ಥಿಸ್ ಕಾಯಿಲೆಯೆಂದು ಹೆಸರು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕುತೂಹಲದ ಸಂಗತಿಯಿದೆ. ಅರಬ್ಬಿ ಸಮುದ್ರಕ್ಕೂ ಪಶ್ಚಿಮ ಘಟ್ಟಕ್ಕೂ ನಡುವಿನ ಕರಾವಳಿ ಪಟ್ಟಿಯಲ್ಲಿ ಈ ಕಾಯಿಲೆ ಹೆಚ್ಚು. ಘಟ್ಟದ ಪೂರ್ವಕ್ಕೆ ಕಡಿಮೆ. ಏಕೆ ಹೀಗೆ? ಮೂಲ ಕಾರಣ ವಿಜ್ಞಾನಕ್ಕೆ ಇಂದಿಗೂ ಖಚಿತವಾಗಿ ಸಿಕ್ಕಿಲ್ಲ. ನಿಮ್ಮಲ್ಲೇ ಯಾರಾದರೂ ಮುಂದೆ ಅದನ್ನು ಹುಡುಕಬಹುದು.

ಹಾಗೆಂದು ಘಟ್ಟದ ಈಚೆಗಿರುವ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿಯವರು ನಿಶ್ಚಿಂತರಾಗುವಂತಿಲ್ಲ. ಮುಂಡರಗಿ ಕಡೆ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಹಲ್ಲು, ಮೂಳೆ ಕೆಡುವುದು ನಿಜ. ಆದರೆ ಅದು ಬೇರೆ ರೋಗ. ಕೀಲುನೋವನ್ನೆಲ್ಲ ನೀರಿನ ತಲೆಗೆ ಕಟ್ಟಿ ಸುಮ್ಮನಿದ್ದರೆ ಈ ಕಾಯಿಲೆ ಒಳಗೇ ಬೆಳೆದೀತು.

ಲಕ್ಷಣಗಳೇನು? ತೊಡೆಸಂದಿನಲ್ಲಿ ನೋವು, ಚಕ್ಕಳಮಕ್ಕಳ ಹಾಕಿ ಕೂರಲು ಕಷ್ಟ, ಕುಂಟು ನಡಿಗೆ. ಎಷ್ಟೋ ವೇಳೆ ರೋಗ ಸೊಂಟದಲ್ಲಿದ್ದರೂ ನೋವು ಮೊಣಕಾಲಿನಲ್ಲಿ ತೋರುತ್ತದೆ. ಆರಂಭದಲ್ಲಿ ಎಕ್ಸ್-ರೇ ಚಿತ್ರವೂ ಸರಿಯಾಗಿಯೇ ಇರಬಹುದು; ಎಂ.ಆರ್.ಐ. ಪರೀಕ್ಷೆ ಅದನ್ನು ಬೇಗ ಪತ್ತೆ ಮಾಡುತ್ತದೆ. ಚೆಂಡು ಕುಸಿಯುವ ಮೊದಲೇ ತಿಳಿದರೆ ಅದನ್ನು ಉಳಿಸಿಕೊಳ್ಳಲು ಅವಕಾಶವಿದೆ. ಕುಸಿದ ಮೇಲೆ ಎಷ್ಟೋ ಜನರಿಗೆ ಕೃತಕ ಕೀಲೇ ಗತಿ.

ಆದ್ದರಿಂದ ನೋವಿಗೆಂದು ಹೆಸರಿಲ್ಲದ ಪುಡಿ, ಗುಳಿಗೆ ನುಂಗಬೇಡಿ. ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ವೈದ್ಯರೇ ಬರೆದುಕೊಟ್ಟ ಸ್ಟಿರಾಯ್ಡನ್ನು ಅವರನ್ನು ಕೇಳದೆ ತಟ್ಟನೆ ನಿಲ್ಲಿಸಲೂಬೇಡಿ. ನಿಮ್ಮ ತಮ್ಮನೋ ತಂಗಿಯೋ ವಾರಗಟ್ಟಲೆ ಕುಂಟುತ್ತಿದ್ದರೆ, ಆಟದಲ್ಲಿ ಉಳುಕಿರಬೇಕೆಂದು ಬಿಡದೆ, ಮೂಳೆ ವೈದ್ಯರಿಗೆ ತೋರಿಸಲು ಮನೆಯ ಹಿರಿಯರಿಗೆ ಹೇಳಿರಿ.